ಎಡಗೈಯ ತುತ್ತು

ನಮ್ಮೂರು ಕುಡುಮಲಕುಂಟೆ. ತೆಲುಗಿನಲ್ಲಿ ಕುಡುಮು ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು. ಊರ ಹೆಸರು ಬಂದಾಗಲೆಲ್ಲ ಹಿಟ್ಟನ್ನು ಅಂಗೈಯಲ್ಲಿ ಒತ್ತಿ ಕಡುಬು ಕಟ್ಟುವ ಅಮ್ಮನ ಕೈ ನನ್ನ ಕಣ್ಣಿಗೆ ಕಟ್ಟುತ್ತದೆ. ಆ ಕೈ ಮತ್ತೆ ಕಂಡದ್ದು ಟೋಕಿಯೋದ ಸುಶಿ ಅಂಗಡಿಯೊಂದರಲ್ಲಿ, ಮಕ್ಕಳಿಬ್ಬರ ನಡುವೆ ಕೂತಿದ್ದಾಗ.

ಅಂಥ ದುಬಾರಿ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ ಎಂದವರೇ ಹೆಚ್ಚು. ಎಂಟು ಹತ್ತು ಕುರ್ಚಿ, ಮರದ ಹಲಗೆಯಾಚೆ ಅನ್ನವನ್ನು ಅಂಗೈಯಲ್ಲಿ ಒತ್ತಿ ತುತ್ತು ಕಟ್ಟುವ ಬಾಣಸಿಗ. ಅಲ್ಲಿನ ಪದ್ಧತಿ ‘ಒಮಕಾಸೆ’, ಅಂದರೆ ನಿಮಗೇ ಬಿಟ್ಟದ್ದು. ಅವರು ಕೊಟ್ಟದ್ದನ್ನು ಕೊಟ್ಟ ಕೂಡಲೇ ತಿನ್ನಬೇಕು. ಚಿಕ್ಕ ಮಕ್ಕಳನ್ನು ಒಳಗೇ ಬಿಡದ ಅಂಗಡಿಗಳೂ ಉಂಟು. ಅದನ್ನು ನಾನು ಸೊಕ್ಕು ಎನ್ನಲಾರೆ. ಒಂದು ಮಗು ರಚ್ಚೆ ಹಿಡಿದರೆ ಎಲ್ಲರ ಊಟವೂ ಕೆಡುತ್ತದೆ. ಹಾಗಾಗಿ ಮೊದಲೇ ಮಕ್ಕಳ ವಯಸ್ಸು ತಿಳಿಸಿ, ಒಪ್ಪಿಗೆ ಪಡೆದು, ಮಧ್ಯಾಹ್ನಕ್ಕೆ ಜಾಗ ಹಿಡಿದೆವು. ಸೆಂಟು ಹಾಕಿಕೊಳ್ಳಲಿಲ್ಲ, ಮೀನಿನ ನವಿರಾದ ವಾಸನೆಯನ್ನು ಅದು ಮುಚ್ಚಿಬಿಡುತ್ತದೆ. ಹಿಂದಿನ ದಿನ ಪಟ್ಟಿಯ ಮೇಲೆ ತಟ್ಟೆಗಳು ಸುತ್ತುವ ಅಗ್ಗದ ಅಂಗಡಿಯಲ್ಲಿ ಮಕ್ಕಳಿಗೆ ರುಚಿ ಹಚ್ಚಿಸಿದ್ದೆವು. 1958ರಲ್ಲಿ ಒಸಾಕಾ ಕಡೆ ಶಿರಾಯಿಶಿ ಯೋಶಿಯಾಕಿ ಶುರುಮಾಡಿದ ಆ ಏರ್ಪಾಡು ಮಕ್ಕಳಿಗೆ ಜಾತ್ರೆಯೇ ಸರಿ.

ನಮ್ಮ ಕಡೆ ಮೀನೆಂದರೆ ಕೆರೆ ಮೀನು, ಹುಣಸೆ ಹಿಂಡಿ ಕುದಿಸಿದ ಸಾರು. ಹಸಿ ಮೀನು ಬೇಡವೆಂದು ಮೊದಲೇ ಹೇಳಿದ್ದರಿಂದ ಮಕ್ಕಳಿಗೆ ಬೆಂದ ಸೀಗಡಿ, ಮೊಟ್ಟೆ, ಸೌತೆಕಾಯಿ ಸುರುಳಿ ಬಂದವು. ಸಸ್ಯಾಹಾರಿಗಳು ಮಾತ್ರ ಎಚ್ಚರವಾಗಿರಬೇಕು, ಮೊಟ್ಟೆಗೂ ಒಣಮೀನಿನ ತಿಳಿಸಾರು ಬೆರೆಸಿರುತ್ತಾರೆ.

ಇಷ್ಟು ಬೆಲೆಯ ಈ ತಿನಿಸು 1820ರ ದಶಕದಲ್ಲಿ ಎಡೋ, ಅಂದರೆ ಇಂದಿನ ಟೋಕಿಯೋ, ಪೇಟೆಯ ಬೀದಿಯಲ್ಲಿ ನಿಂತು ತಿನ್ನುವ ತಿಂಡಿಯಾಗಿತ್ತು. ಇಂದಿಗೂ ಕೈಯಲ್ಲೇ ತಿನ್ನಬಹುದು. ಅದನ್ನು ಕೇಳಿ ಮಕ್ಕಳಿಗೆ ಜೀವ ಬಂತು. ಮುದ್ದೆ ಮುರಿದ ಕೈಗೆ ಕಡ್ಡಿ ಒಗ್ಗಿರಲಿಲ್ಲ.

ಆರು ವರ್ಷದ ಮಗ ಎಡಚ. ಮೊದಲ ತುತ್ತಿಗೆ ಎಡಗೈ ಚಾಚಿದ. ಊರಲ್ಲಿ ಮದುವೆ ಪಂಕ್ತಿಯಲ್ಲಿ ಕೂತರೆ “ಬಲಗೈಲಿ ಉಣ್ಣೋ” ಎಂದು ಯಾರಾದರೂ ಗದರುತ್ತಿದ್ದರು, ನಾನೂ ಅವನ ಕೈ ಹಿಡಿದು ಬದಲಿಸುತ್ತಿದ್ದೆ. ಇಲ್ಲೂ ನನ್ನ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಬಾಣಸಿಗರು ಎರಡನೆಯ ತುತ್ತು ಇಟ್ಟಾಗಿತ್ತು. ಅನ್ನ ಮೊದಲಿಗಿಂತ ಕಡಿಮೆ, ಪುಟ್ಟ ಬಾಯಿಗೆ ತಕ್ಕಷ್ಟು. ತುತ್ತಿನ ಮುಖ ಓರೆಯಾಗಿ ಎಡಕ್ಕೆ ತಿರುಗಿತ್ತು, ಎಡಗೈ ಸಲೀಸಾಗಿ ಹಿಡಿಯುವಂತೆ. ಒಂದು ಮಾತಿಲ್ಲ. ಕೊನೆಯ ತನಕ ಅವನಿಗೆ ಹಾಗೆಯೇ ಇಟ್ಟರು. ಆರು ವರ್ಷ ಹೆತ್ತಮ್ಮ ಮಾಡದ ಕೆಲಸವನ್ನು ಅವರು ಒಂದು ತುತ್ತಿನಲ್ಲಿ ಮಾಡಿದರು.

ಎದ್ದು ಹೊರಡುವಾಗ ಮಕ್ಕಳಿಬ್ಬರೂ ಊಟಕ್ಕೆ ಕೃತಜ್ಞತೆ ಹೇಳಲು ಕಲಿತಿದ್ದ ‘ಗೊಚಿಸೋಸಾಮ’ ಹೇಳಿ ತಲೆಬಾಗಿದರು. ಅವರೂ ಬಾಗಿದರು, ಮಕ್ಕಳಿಗಿಂತ ತಗ್ಗಿ.

ಊರಿಗೆ ಬಂದ ಮೇಲೆ ಅವನ ಕೈ ಬದಲಿಸುವುದನ್ನು ಬಿಟ್ಟಿದ್ದೇನೆ. ಮುದ್ದೆಯ ತಟ್ಟೆಯನ್ನು ಎಡಗೈಗೆ ಅನುಕೂಲವಾಗುವಂತೆ ತಿರುಗಿಸಿ ಇಡುತ್ತೇನೆ.