ಅಡ್ಯಾರಿನ ಮೆಕ್ಯಾನಿಕ್

ಮಾವ ದೋಸೆಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕಾರಿನಿಂದ ಇಳಿದರು. ಇಳಿಯದೆ ಬೇರೆ ದಾರಿ ಇರಲಿಲ್ಲ. ಹಿಂದೆ ನಿಂತಿದ್ದ ಅಂಬಾಸಿಡರ್‌ನವನು ಹಾರನ್ ಒತ್ತುತ್ತಿದ್ದ, ನಮ್ಮ ಕಾರು ಮೂರನೆಯ ಸಲ ಆಫ್ ಆಗಿತ್ತು, ತಳ್ಳುವುದಕ್ಕೆ ಒಂದಾಳು ಕಡಿಮೆ ಬಿದ್ದಿತ್ತು. ಕುಂದಾಪುರದ ಕಡೆ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದ ಮನುಷ್ಯ ಮಗಳ ಊರಿಗೆ ಬಂದು, ಮಳೆಯಲ್ಲಿ, ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಅಳಿಯನ ಕಾರು ತಳ್ಳಿದರು.

1997ರ ಡಿಸೆಂಬರ್ ಅದು. ಮದ್ರಾಸು ಚೆನ್ನೈ ಆಗಿ ವರ್ಷ ಕಳೆದಿದ್ದರೂ ನಮ್ಮ ಬಾಯಲ್ಲಿ ಇನ್ನೂ ಮದ್ರಾಸೇ. ಜಾಗ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ಶುರು ಮಾಡಿದ ಆ ಹೋಟೆಲಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸಿ, ಕಾರಿನಲ್ಲೇ ಕೂತು ದೋಸೆ ತಿನ್ನಬಹುದಿತ್ತು. ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೆ, ಆಮೇಲೆ ಮರೀನಾಕ್ಕೆ. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ತೋಟವಿದೆ. ಆ ತೋಟಕ್ಕೆ ನಾನು ಹೋಗಿಲ್ಲ, ಹೋಗುವ ಮನಸ್ಸೂ ಇಲ್ಲ.

ಕಾರು ಬಿಳಿ ಮಾರುತಿ 800, 88ರ ಮಾಡೆಲ್. ಸಹೋದ್ಯೋಗಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ದೀಪಾವಳಿ ಕಳೆದಾಗಿನಿಂದ ಅದರ ಎಂಜಿನ್ನಿನ ಒಂದು ಮಗ್ಗುಲಿಂದ ಟಕ ಟಕ ಎಂಬ ಸದ್ದು ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಜೋರು, ಆಕ್ಸಿಲರೇಟರ್ ಒತ್ತಿದರೆ ಮಾಯ. ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಜೆಮಿನಿ ಫ್ಲೈಓವರ್ ಹತ್ತಿಸುವಾಗ ಗಾಡಿ ಉಬ್ಬಸದ ಅಜ್ಜನ ಹಾಗೆ ಏದುತ್ತಿತ್ತು.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿಲ್ಲ. ಟಿ. ನಗರದ ಕರ್ನಾಟಕ ಸಂಘದಲ್ಲಿ ಸಿಕ್ಕ ಹಿರಿಯರೊಬ್ಬರು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದರು. ಆಫೀಸಿನಲ್ಲಿ ಒಬ್ಬ ಟ್ಯಾಪೆಟ್ ಎಂದ, ಇನ್ನೊಬ್ಬ ಕಾರ್ಬ್ಯುರೇಟರ್ ಎಂದ. ಎಲ್ಲರ ಮಾತನ್ನೂ ಕೇಳಿದೆ. ಟ್ಯಾಪೆಟ್ ಸೆಟ್ ಮಾಡಿಸಿದೆ, ಕಾರ್ಬ್ಯುರೇಟರ್ ತೊಳೆಸಿದೆ, ಪ್ಲಗ್ಗು, ಪಾಯಿಂಟು ಎಲ್ಲ ಹೊಸತು ಹಾಕಿದೆ. ಕೊನೆಗೆ ಒಂದು ಭಾನುವಾರ ನಾನೇ ಡಿಸ್ಟ್ರಿಬ್ಯೂಟರ್ ಸಡಿಲಿಸಿ ಆಚೆ ಈಚೆ ತಿರುಗಿಸಿಯೂ ನೋಡಿದೆ. ಎರಡು ದಿನ ಸುಧಾರಿಸಿದಂತೆ ಕಂಡಿತು, ಮೂರನೆಯ ದಿನ ಮತ್ತೆ ಅದೇ ರಾಗ.

ಡ್ರೈವ್-ಇನ್‌ನ ಗೇಟು ದಾಟುವಾಗ ಎಂಜಿನ್ ಹೇಗೋ ಹತ್ತಿಕೊಂಡಿತು. ಮಾವ ಒಳಗೆ ಕೂತು ಕಿವಿಗೊಟ್ಟು ಕೇಳಿದರು. “ಇದು ಕೆಮ್ಮಲ್ಲ ಮಾರಾಯ್ರೆ. ಹಲ್ಲು ಕಡಿಯುವ ಸದ್ದು,” ಎಂದರು. ಅವರಿಗೆ ಡ್ರೈವಿಂಗ್ ಬಾರದು. ಆದರೆ ಆ ಒಂದು ತಿಂಗಳಲ್ಲಿ ನಾನು ಕೇಳಿದ ರೋಗಪರೀಕ್ಷೆಗಳಲ್ಲಿ ನಿಜಕ್ಕೆ ತೀರ ಹತ್ತಿರದ್ದು ಅದೇ.

ರಾಯಪೇಟೆಯ ಗಲ್ಲಿಯೊಂದರಲ್ಲಿ ಬಾಯ್ ಅವರ ಶೆಡ್ಡು ಇತ್ತು. ಎಲ್ಲರೂ ಬಾಯ್ ಎನ್ನುತ್ತಿದ್ದರು, ನಾನೂ ಹಾಗೇ. ಅಂಬಾಸಿಡರ್ ಮತ್ತು ಫಿಯೆಟ್ಟಿನ ಕಾಲದವರು. ನಾವು ಕುಂಟುತ್ತ ಹೋಗಿ ನಿಲ್ಲಿಸಿದಾಗ ಎಂಜಿನ್ ಓಡುತ್ತಲೇ ಇರಲಿ ಎಂದು ಕೈಸನ್ನೆ ಮಾಡಿದರು. ಉದ್ದದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಎಂಜಿನ್ನಿನ ಅಲ್ಲಲ್ಲಿ ಇಟ್ಟರು, ಡಾಕ್ಟರು ಸ್ಟೆತಸ್ಕೋಪ್ ಇಟ್ಟ ಹಾಗೆ. ಟ್ಯಾಪೆಟ್ ಕವರಿನ ಮೇಲೆ ಇಟ್ಟು ಮುಖ ಸಪ್ಪೆ ಮಾಡಿದರು. ಬೆಲ್ಟಿನ ಕಡೆಯ ಕೊನೆಗೆ ಇಟ್ಟಾಗ ಹುಬ್ಬು ಮೇಲೆ ಹೋಯಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂಜಿನ್ ಆಫ್ ಮಾಡಿಸಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರು. ಒಳಗಿನ ರೋಟರ್ ಮೇಲೆ ಕಣ್ಣಿಡಲು ನನಗೆ ಹೇಳಿ, ತಾವು ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಿದರು. ರೋಟರ್ ತಿರುಗಿತು. ಈಗ ಹಿಂದಕ್ಕೆ. ಸ್ಪ್ಯಾನರ್ ಅಂಗೈ ಅಗಲದಷ್ಟು ಸರಿಯಿತು, ರೋಟರ್ ಮಾತ್ರ ಕದಲಲೇ ಇಲ್ಲ. ಆಮೇಲೆ ತಟಕ್ಕನೆ ಹಾರಿ ಬಂತು.

“ಪುಲ್ಲಿ ಆಡುದು ಸಾರ್,” ಎಂದರು. ತಮಿಳಿನಲ್ಲಿ ಸಡಿಲವಾದ ಹಲ್ಲು ‘ಆಡುತ್ತದೆ’, ನಮ್ಮಲ್ಲಿ ಅಲ್ಲಾಡುತ್ತದೆ. ಮಾವ ಹೇಳಿದ್ದೂ ಹಲ್ಲನ್ನೇ.

ಆ ಪರೀಕ್ಷೆಯನ್ನು ಬಾಯ್ ಕಲಿತದ್ದು ಅಂಬಾಸಿಡರ್ ಮೇಲೆ. ಅದರಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನು, ಹಳತಾದ ಹಾಗೆ ಚೈನು ಜೋಲುತ್ತದೆ. ಕ್ರ್ಯಾಂಕ್ ಹಿಂದೆ ಮುಂದೆ ಮಾಡಿ ರೋಟರ್ ಎಷ್ಟು ತಡವಾಗಿ ಏಳುತ್ತದೆ ಎಂದು ನೋಡಿದರೆ ಜೋಲಿನ ಅಳತೆ ಸಿಗುತ್ತದೆ. ಮಾರುತಿಯಲ್ಲಿ ಕ್ಯಾಮ್‌ಶಾಫ್ಟಿನ ಒಂದು ತುದಿಯ ಪುಲ್ಲಿಯನ್ನು ತಿರುಗಿಸುವುದು ಹಲ್ಲಿನ ಬೆಲ್ಟು. ಅದು ಹಿಡಿದರೆ ಹಿಡಿಯಿತು, ಇಲ್ಲವಾದರೆ ಹಲ್ಲು ಜಿಗಿಯಿತು, ಚೈನಿನ ಹಾಗೆ ಜೋಲುವ ಜಾಯಮಾನ ಅದರದ್ದಲ್ಲ. ಡಿಸ್ಟ್ರಿಬ್ಯೂಟರ್ ಇರುವುದು ಕ್ಯಾಮ್‌ಶಾಫ್ಟಿನ ಇನ್ನೊಂದು ತುದಿಯಲ್ಲಿ. ಹಾಗಾದರೆ ಇಷ್ಟೊಂದು ಸಡಿಲ ಎಲ್ಲಿಂದ ಬರಬೇಕು? ಪುಲ್ಲಿಗೂ ಶಾಫ್ಟಿಗೂ ನಡುವಿನ ಹಿಡಿತದಿಂದಲೇ. ವಾಲ್ವು ಮತ್ತು ಕಿಡಿ ಎರಡರ ಕಾಲವೂ ಒಟ್ಟಿಗೆ ಕೆಟ್ಟದ್ದಕ್ಕೆ ಅದೇ ಕಾರಣ. ನಾನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಮಾಡಿದ ಚಿಕಿತ್ಸೆ ಕಾಲು ಮುರಿದವನ ಚಪ್ಪಲಿ ಬದಲಾಯಿಸಿದ ಹಾಗಿತ್ತು.

ಚಕ್ರ ಬಿಚ್ಚಿದರು. ಫ್ಯಾನ್ ಬೆಲ್ಟು, ವಾಟರ್ ಪಂಪಿನ ಪುಲ್ಲಿ, ಕ್ರ್ಯಾಂಕ್ ಪುಲ್ಲಿ ಬಂದ ಮೇಲೆ ಪ್ಲಾಸ್ಟಿಕ್ ಕವರು ಬಂತು. ಒಳಗೆಲ್ಲ ಕೆಂಪು ಪುಡಿ, ಕುಂಕುಮದ ಭರಣಿ ಚೆಲ್ಲಿದ ಹಾಗೆ. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಉದುರಿದ ತುಕ್ಕು ಅದು. ಬಾಯ್ ಕ್ಯಾಮ್ ಪುಲ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು, ಕೇಳಿಸಿತು: ಟಕ. ನಡುವಿನ ಬೋಲ್ಟು ಬಿಚ್ಚಲು ಜೋರೇ ಬೇಕಾಗಲಿಲ್ಲ. ಪುಲ್ಲಿ ಶಾಫ್ಟಿನ ಮೇಲೆ ತನ್ನ ಜಾಗದಲ್ಲೇ ಕೂರಲೆಂದು ಒಂದು ಚಿಕ್ಕ ಉಕ್ಕಿನ ಪಿನ್ ಇರುತ್ತದೆ. ದುಂಡಗಿರಬೇಕಾದ ಆ ಪಿನ್ ಎರಡೂ ಮಗ್ಗುಲಲ್ಲಿ ಸವೆದು ಹುಣಸೆ ಬೀಜದಂತಾಗಿತ್ತು. ಅದು ಕೂರುವ ಕಚ್ಚು ಪುಲ್ಲಿಯಲ್ಲಿ ಅಗಲವಾಗಿ ಬಾಯಿ ಬಿಟ್ಟಿತ್ತು.

ಕ್ಯಾಮ್‌ನ ಮೂಗು ವಾಲ್ವಿನ ಸ್ಪ್ರಿಂಗನ್ನು ಒತ್ತುತ್ತ ಏರುವಾಗ ಶಾಫ್ಟು ಹಿಂದಕ್ಕೆ ಜಗ್ಗುತ್ತದೆ. ಮೂಗು ದಾಟಿದೊಡನೆ ಅದೇ ಸ್ಪ್ರಿಂಗು ಶಾಫ್ಟನ್ನು ಮುಂದಕ್ಕೆ ನೂಕುತ್ತದೆ. ಮೂರು ಸಿಲಿಂಡರು, ಆರು ವಾಲ್ವು, ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಬೋಲ್ಟು ಬಿಗಿಯಾಗಿದ್ದರೆ ಈ ಎಳೆದಾಟವೆಲ್ಲ ಅದರ ಹಿಡಿತದಲ್ಲೇ ಅಡಗುತ್ತದೆ. ಸಡಿಲವಾದರೆ ಪೆಟ್ಟೆಲ್ಲ ಆ ಬಡ ಪಿನ್ನಿನ ತಲೆಗೆ.

ಬಾಯ್ ಬೋಲ್ಟನ್ನು ಬೆಳಕಿಗೆ ಹಿಡಿದರು. ತಲೆಯ ಮೂಲೆಗಳು ಸವೆದಿದ್ದವು. ಪುಲ್ಲಿಯ ಹಿಂಬದಿಯನ್ನು ಬೆರಳಲ್ಲಿ ಒರೆಸಿ ಮೂಸಿದರು.

“ಯಾರ್ ಸಾರ್ ಇದ ಕಳಟ್ಟುನದು?”

ಯಾರು ಬಿಚ್ಚಿದ್ದು ಎಂದರೆ, ನಾನೇ. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯಾಮ್‌ಶಾಫ್ಟಿನ ಆಯಿಲ್ ಸೀಲ್ ಸೋರುತ್ತಿತ್ತು. ಗ್ಯಾರೇಜಿಗೆ ಯಾಕೆ ದುಡ್ಡು ಸುರಿಯಬೇಕೆಂದು ಮಂದವೇಲಿಯ ಮನೆ ಮುಂದೆ ಬನಿಯನ್ ಹಾಕಿಕೊಂಡು ಕೂತು ನಾನೇ ಸೀಲ್ ಬದಲಾಯಿಸಿದ್ದೆ. ಎಣ್ಣೆ ಪೂರ್ತಿ ಒರೆಸಿರಲಿಲ್ಲ. ಬೋಲ್ಟು ಬಿಗಿಯುವಾಗ ಶಾಫ್ಟು ಜೊತೆಗೇ ತಿರುಗತೊಡಗಿತು, ಬೆಲ್ಟನ್ನೇ ಅಮುಕಿ ಹಿಡಿದು ಕೈಗೆ ಬಂದಷ್ಟು ಬಿಗಿದು, ಸಾಕು ಅಂದುಕೊಂಡಿದ್ದೆ.

“ಅಡ್ಯಾರಿನಲ್ಲಿ ಒಬ್ಬ ಮೆಕ್ಯಾನಿಕ್,” ಎಂದೆ.

“ಇನ್ನು ಅವನ ಹತ್ತಿರ ಹೋಗಬೇಡಿ,” ಎಂದರು ಬಾಯ್, ತಮ್ಮ ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ. ಮಾವ ಹಳೇ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮಾತಾಡಲಿಲ್ಲ.

ಹೊಸ ಪಿನ್ನು, ಬೋಲ್ಟು ಜಿ.ಪಿ. ರೋಡಿನಲ್ಲಿ ಸಿಕ್ಕಿತು. ಪುಲ್ಲಿ ಮಾತ್ರ ಆ ದಿನ ಅಲ್ಲಿರಲಿಲ್ಲ, ಪುದುಪೇಟೆಗೆ ಹೋದೆ. ಎಗ್ಮೋರಿನ ಹತ್ತಿರ ಕೂವಂ ದಡದ ಆ ಬೀದಿಗಳಲ್ಲಿ ಹಳೇ ಗಾಡಿಗಳನ್ನು ಕೋಳಿ ಕೊಯ್ದ ಹಾಗೆ ಬಿಡಿಸಿ ಮಾರುತ್ತಾರೆ. ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ಹೆಡ್‌ಲೈಟು. ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ನಿಮ್ಮ ಗಾಡಿಯನ್ನೇ ನಿಮಗೆ ಬಿಡಿ ಬಿಡಿಯಾಗಿ ಮಾರುತ್ತಾರೆ ಎಂಬ ಜೋಕು ಚೆನ್ನೈಯಲ್ಲಿ ಎಲ್ಲರಿಗೂ ಗೊತ್ತು. ಐದಾರು ಪುಲ್ಲಿಗಳಲ್ಲಿ ಹೊಸ ಪಿನ್ನು ತೂರಿಸಿ ನೋಡಿ, ಒಂದಿಷ್ಟೂ ಅಲ್ಲಾಡದ ಒಂದನ್ನು ಆರಿಸಿ ತಂದೆ. ಅರವತ್ತು ರೂಪಾಯಿ.

ಬಾಯ್ ಶಾಫ್ಟಿನ ಮುಖವನ್ನು ಸಣ್ಣ ಎಮೆರಿ ಕಾಗದದಲ್ಲಿ ತಿಕ್ಕಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿದರು. ಪುಲ್ಲಿಯ ತೂತಿನೊಳಗೆ ಕಂಬಿ ತೂರಿಸಿ ಶಾಫ್ಟು ತಿರುಗದಂತೆ ತಡೆದರು. ಕೊನೆಗೆ ಹಳೇ ಲುಂಗಿಯಲ್ಲಿ ಸುತ್ತಿಟ್ಟಿದ್ದ ಟಾರ್ಕ್ ರೆಂಚ್ ಹೊರಗೆ ಬಂತು. ಅಂಥ ಶೆಡ್ಡಿನಲ್ಲಿ ಅದನ್ನು ನೋಡುತ್ತೇನೆ ಅಂದುಕೊಂಡಿರಲಿಲ್ಲ. ಬೆಲ್ಟು ಏರಿಸಿ, ಮೇಲಿನ ಗುರುತು ಕೆಳಗಿನ ಗುರುತು ಕೂಡಿಸಿ, ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿದರು. ಕೂಡಿದವು. ನಾನು ತಿರುಚಿಟ್ಟಿದ್ದ ಡಿಸ್ಟ್ರಿಬ್ಯೂಟರನ್ನೂ ಸರಿ ಮಾಡಿದರು. ಕೀಲಿ ತಿರುಗಿಸಿದೆ. ಸದ್ದೇ ಇಲ್ಲ.

ಕತ್ತಲಾಗಿತ್ತು, ಮಳೆ ನಿಂತಿತ್ತು. ಲಸ್ ಕಾರ್ನರ್ ದಾಟಿ ಮಂದವೇಲಿಯ ಕಡೆ ತಿರುಗುವವರೆಗೆ ಮಾವ ಸುಮ್ಮನೆ ಕೂತಿದ್ದರು. ಆಮೇಲೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು:

“ಏಪ್ರಿಲ್‌ನಲ್ಲಿ ಬಂದಿದ್ದಾಗ ಆ ಅಡ್ಯಾರಿನ ಮೆಕ್ಯಾನಿಕ್‌ಗೆ ಟಾರ್ಚ್ ಹಿಡಿದದ್ದು ನಾನೇ ಅಲ್ವಾ ಮಾರಾಯ್ರೆ?”

ಆ ಕಾರನ್ನು 2003ರಲ್ಲಿ ಮಾರಿದೆ. ಅಲ್ಲಿಯವರೆಗೆ ಬೆಲ್ಟು ಇನ್ನೊಂದು ಸಲ ಬದಲಾಯಿತು. ಬದಲಾಯಿಸಿದ್ದು ಬಾಯ್, ಟಾರ್ಚ್ ಹಿಡಿದದ್ದು ನಾನು.