ಶಾಂಘಾಯಿಯ ಚಹಾಮಂದಿರದಲ್ಲಿ



ನಮ್ಮ ಹುಲಕೋಟಿಯು ಗದಗದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಅಲ್ಲಿಯ ಒಂದು ಚಹಾದಂಗಡಿಯ ಮುಂದೆ ನಾವು ಅಕ್ಕತಂಗಿಯರು ನಿತ್ಯವೂ ಶಾಲೆಯ ಬಸ್ಸಿಗಾಗಿ ನಿಲ್ಲುತ್ತಿದ್ದೆವು. ಒಳಗೆ ಗಂಡಸರು ಹತ್ತಿಯ ಧಾರಣೆ, ಮಳೆ, ಸೊಸಾಯಿಟಿಯ ಚುನಾವಣೆ ಇವುಗಳನ್ನು ಕುರಿತು ಮಾತಾಡುತ್ತ ಕೂತಿರುವರು. ಹೆಂಗಸರು ಬರಬಾರದೆಂದು ಬರೆದ ಹಲಗೆಯೇನೂ ಇರಲಿಲ್ಲ. ಆದರೂ ಯಾರೂ ಒಳಗೆ ಹೋಗುತ್ತಿರಲಿಲ್ಲ.

2019ನೆಯ ಇಸವಿಯ ಅಕ್ಟೋಬರದಲ್ಲಿ, ಉದ್ಯೋಗನಿಮಿತ್ತ ಶಾಂಘಾಯಿಯಲ್ಲಿದ್ದ ತಮ್ಮನನ್ನು ಕಾಣಲು ನಾವಿಬ್ಬರೂ ಹೋದೆವು. ಅವನು ನಮ್ಮನ್ನು ಯೂ ಉದ್ಯಾನದ ಬಳಿಯ ಹೂಶಿಂಟಿಂಗ್ ಎಂಬ ಚಹಾಮಂದಿರಕ್ಕೆ ಕರೆದುಕೊಂಡು ಹೋದನು. ಅದು ಕೊಳದ ನಡುವೆ ನಿಂತಿರುವ ಎರಡಂತಸ್ತಿನ ಮಂಟಪ. 1784ರಲ್ಲಿ ಕಟ್ಟಿದ ಈ ಮಂಟಪವು 1855ರಲ್ಲಿ ಚಹಾಮಂದಿರವಾಯಿತು. ಅಲ್ಲಿಗೆ ಹೋಗುವ ಸೇತುವೆಯು ಒಂಬತ್ತು ತಿರುವುಗಳುಳ್ಳದ್ದು. ದುಷ್ಟಾತ್ಮಗಳಿಗೆ ತಿರುವಿನಲ್ಲಿ ನಡೆಯಲು ಬಾರದೆಂಬುವದು ಅಲ್ಲಿಯವರ ನಂಬಿಗೆ.

ಹಾಲಿಲ್ಲ, ಸಕ್ಕರೆಯಿಲ್ಲ, ಮುಚ್ಚಳವುಳ್ಳ ಬಟ್ಟಲಿನಲ್ಲಿ ಬಿಸಿನೀರು, ಅದರಲ್ಲಿ ತೇಲುವ ಹಸುರೆಲೆ. ನಾವು ಮುಚ್ಚಳ ತೆಗೆದು ಒಮ್ಮೆಲೇ ಕುಡಿಯಹೋಗಿ ಬಾಯಿ ಸುಟ್ಟುಕೊಂಡು, ಎಲೆಗಳನ್ನೂ ಜಗಿದೆವು. ಪಕ್ಕದ ಮೇಜಿನಲ್ಲಿ ನಾಲ್ವರು ಮುದುಕಿಯರು ತಮ್ಮಷ್ಟಕ್ಕೆ ತಾವು ಹರಟುತ್ತ ಕೂತಿದ್ದರು. ಅವರಲ್ಲೊಬ್ಬಳು ಎದ್ದು ಬಂದು, ಬಟ್ಟಲನ್ನು ಬಸಿಯೊಡನೆ ಎತ್ತಿ, ಮುಚ್ಚಳದ ಅಂಚಿನಿಂದ ಎಲೆಗಳನ್ನು ಹಿಂದೆ ಸರಿಸಿ, ಸಂದಿನಿಂದ ಗುಟುಕರಿಸುವ ಬಗೆಯನ್ನು ತೋರಿಸಿದಳು. ನಮಗೆ ಅವಳ ಭಾಷೆ ಬಾರದು. ಅವಳಿಗೆ ನಮ್ಮದು ಬಾರದು. ಬಟ್ಟಲನ್ನು ತೋರಿಸಿ ಅವಳು “ಚಾ” ಅಂದಳು. ನಾವು “ಚಹಾ” ಅಂದೆವು. ಎಲ್ಲರೂ ನಕ್ಕೆವು. ನಮ್ಮ ಮಾತು ಅವರ ಮಾತಿನಿಂದಲೇ ಬಂದದ್ದಷ್ಟೆ! ಟೀ ಎಂಬುವದೂ ಅದೇ ದೇಶದ ಆಗ್ನೇಯ ಕರಾವಳಿಯ ಉಚ್ಚಾರವು. ಅದು ಡಚ್ಚ ವರ್ತಕರ ಸಂಗಡ ಯುರೋಪಿಗೆ ಹೋಯಿತು.

ಎಲೆ ಅವೇ ಇರಲು, ಬಿಸಿನೀರನ್ನು ಮಾತ್ರ ಮತ್ತೆಮತ್ತೆ ಹಾಕುತ್ತಿದ್ದರು. ಆ ಮುದುಕಿಯರನ್ನು ಯಾರೂ ಏಳಿರೆನ್ನಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಆಗ ನಮಗೆ ಅವ್ವನ ನೆನಪಾಯಿತು. ಹೊಲದಲ್ಲಿ ಹತ್ತಿ ಬಿಡಿಸಿ ನಮ್ಮ ಶಾಲೆಯ ಫೀಜು ಕಟ್ಟಿದವಳು ಅವಳು. ಆದರೆ ಆ ಹತ್ತಿಯ ಧಾರಣೆಯ ಮಾತು ನಡೆಯುತ್ತಿದ್ದ ಠಾವಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಸಾವಿರಾರು ಮೈಲಿ ದೂರ ಬಂದು ನಾವು ಇದನ್ನು ಕಂಡದ್ದು ನಮಗೇ ನಾಚಿಕೆಯಾಯಿತು.

ಊರಿಗೆ ಮರಳಿದ ಮೇಲೆ ಒಂದು ಮುಂಜಾನೆ ಅವ್ವನನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಒಳಗೆ ಬಾ ಎಂದೆವು. “ಯಾಕವ್ವಾ, ಮನ್ಯಾಗ ಚಹಾ ಇಲ್ಲೇನು?” ಅಂದಳು. ನಾವು ಅವಳ ಕೈ ಬಿಡಲಿಲ್ಲ. ಮಾತು ಒಂದು ಕ್ಷಣ ನಿಂತಿತು. ಅಂಗಡಿಯವನು ಬಾಕನ್ನು ಒರಸಿದನು. ಅವ್ವ ಸೆರಗು ಸರಿಪಡಿಸಿಕೊಂಡು ಕೂತಳು. ಚಹಾವನ್ನು ಬಸಿಗೆ ಸುರುವಿಕೊಂಡು ಊದಿ ಕುಡಿದಳು. ಬಸಿ ಬರಿದಾದ ಮೇಲೆ ಎದುರು ಕೂತವರನ್ನು, “ಈ ಸಲ ಹತ್ತಿ ಏನ್ ಧಾರಣಿ ಐತೋ ತಮ್ಮಾ?” ಎಂದು ಕೇಳಿದಳು. “ಕುಂದರ್ರಿ ಯಕ್ಕಾ, ಹೇಳತೀನಿ,” ಎಂದು ಒಬ್ಬರು ಪತ್ರಿಕೆಯನ್ನು ಮಡಿಚಿಟ್ಟರು.

ತಾಯಂದಿರೇ, ಸಹೋದರಿಯರೇ, ದೂರದ ಪ್ರವಾಸದಿಂದ ನಾವು ರೇಶಿಮೆಯನ್ನಾಗಲಿ ಚಿತ್ರದ ಪಾತ್ರೆಗಳನ್ನಾಗಲಿ ತರಲಿಲ್ಲ. ಅವ್ವನಿಗೆ ಊರಲ್ಲಿಯೇ ಇದ್ದ ಒಂದು ಬಾಕನ್ನು ತೋರಿಸಿದೆವು, ಅಷ್ಟೇ.