ಎರವಲು ತಂದ ದನಿ

ಹುಣಸಗಿಯ ಆ ವೃದ್ಧ ಉಪಾಧ್ಯಾಯರಿಗೆ ಸಂಗೀತದ ಶಾಸ್ತ್ರವು ತಿಳಿಯದು, ಕೇಳುವ ಕಿವಿಯೊಂದುಂಟು. ಪರದೇಶದಲ್ಲಿರುವ ಅವರ ಮಗನು ಊರಿಗೆ ಬಂದಾಗಲೆಲ್ಲ ತಂದೆಗಾಗಿ ಯಾವುದಾದರೊಂದು ಹೊಸ ಸಂಗೀತವನ್ನು ತರುವುದು ವಾಡಿಕೆ. ಒಮ್ಮೆ ಅವನು ತಂದದ್ದು, ಜೊನಾಥನ್ ಹಾರ್ವೆ ಎಂಬ ಆಂಗ್ಲ ಸಂಗೀತರಚನಕಾರನು 2006ರಲ್ಲಿ ವಾದ್ಯವೃಂದಕ್ಕಾಗಿ ರಚಿಸಿದ ‘ಬಾಡಿ ಮಂಡಲ’ವೆಂಬ ಕೃತಿ. ಸಂಜೆಯ ಹೊತ್ತು ಪಡಸಾಲೆಯಲ್ಲಿ ಅದನ್ನು ಹಚ್ಚಿದೊಡನೆ, ನೆಲದೊಳಗಿಂದ ಎದ್ದುಬಂದಂತೆ ತುತ್ತೂರಿಗಳ ಮಂದ್ರಧ್ವನಿ ಹೊರಟಿತು.

“ಅಜ್ಜಾ, ಎಮ್ಮಿ ಒದರಿದಂಗ ಅದ!” ಎಂದು ಮೊಮ್ಮಗನು ನಕ್ಕನು. ಮನೆಯವರೆಲ್ಲ ನಕ್ಕರು. ಉಪಾಧ್ಯಾಯರು ಮಾತ್ರ ನಗಲಿಲ್ಲ. ಆ ದನಿಗೆ ಅವರು ಹಿಂದೊಮ್ಮೆ ನಕ್ಕದ್ದಾಗಿತ್ತು.

ಅವರು ಕೆಲಸದಲ್ಲಿದ್ದ ಕಾಲದಲ್ಲಿ ಮಕ್ಕಳನ್ನು ಮೈಸೂರಿನ ಪ್ರವಾಸಕ್ಕೆ ಕರೆದೊಯ್ದು, ಹುಣಸೂರಿನ ಬಳಿಯ ಗುರುಪುರದಲ್ಲಿರುವ ಟಿಬೆಟ್ಟಿನವರ ಗ್ಯುಮೆ ತಾಂತ್ರಿಕ ವಿಹಾರವನ್ನು ತೋರಿಸಿದ್ದರು. 1959ರಲ್ಲಿ ನಾಡು ಬಿಟ್ಟು ಬಂದ ಜನ, ತಮ್ಮ ದೇವರನ್ನೂ ದನಿಯನ್ನೂ ಹೊತ್ತುಕೊಂಡೇ ಕನ್ನಡನಾಡಿನಲ್ಲಿ ನೆಲೆನಿಂತಿದ್ದರು. ಅಲ್ಲಿಯ ಭಿಕ್ಷುಗಳು ಮಂತ್ರಪಠನ ಮಾಡುವಾಗ ಒಂದೇ ಕಂಠದಿಂದ ಎರಡು ಸ್ವರಗಳು ಒಮ್ಮೆಲೇ ಹೊರಟಂತೆ ಕೇಳುವುದು. ಅದು ವರ್ಷಗಳ ಅಭ್ಯಾಸದ ಫಲ. ಅವರ ಪಾಲಿಗೆ ಅದು ಗಾನವಲ್ಲ, ಪೂಜೆಯ ಅಂಗ. ಹಿಂದಿರುಗುವಾಗ ಬಸ್ಸಿನಲ್ಲಿ ಹುಡುಗರು ಆ ದನಿಯನ್ನು ಅಣಕಿಸಿದರು, ಗುರುಗಳೂ ನಕ್ಕರು. ಅಷ್ಟೇ ಅಲ್ಲ, ಆ ವರ್ಷದ ಶಾಲೆಯ ಸಮ್ಮೇಳನಕ್ಕೆ ತಾವೇ ಬರೆದ ನಾಟಕದಲ್ಲಿ ರಾಕ್ಷಸರ ಪ್ರವೇಶಕ್ಕೆ ಅದೇ ದನಿಯನ್ನು ತೆಗೆಯಿಸಿದರು. ಜನ ಚಪ್ಪಾಳೆ ತಟ್ಟಿದರು.

ಕೆಲವು ವರ್ಷಗಳು ಕಳೆದ ಮೇಲೆ ಊರಿನ ಮದುವೆಯ ಮೆರವಣಿಗೆಯೊಂದರಲ್ಲಿ ಬ್ಯಾಂಡಿನವರು ರಿವಾಯತ ಪದದ ಧಾಟಿಯೊಂದನ್ನು ಬಾರಿಸಿದರು. ಮೊಹರಮ್ಮಿನಲ್ಲಿ ಹಸನ್ ಹುಸೇನರ ಬಲಿದಾನವನ್ನು ನೆನೆದು ಹಾಡುವ ಪದವದು. ಅಲಾವಿಯ ಮುಂದೆ ಬಾಳೆಲ್ಲ ಅದನ್ನು ಹಾಡಿದ ಮುದುಕನೊಬ್ಬನು ಕಟ್ಟೆಯ ಮೇಲಿಂದೆದ್ದು ಮುಖ ತಿರುಗಿಸಿ ನಿಂತನು. “ಮದುವಿ ಪದ ಅಲ್ರೀ ಮಾಸ್ತರ, ಅಳೋ ಪದ ಅದ” ಎಂದಷ್ಟೇ ಹೇಳಿದನು. ಉಪಾಧ್ಯಾಯರಿಗೆ ತಟ್ಟನೆ ಗುರುಪುರದ ನೆನಪಾಯಿತು.

ಹಾಗಾದರೆ ಪರರ ದನಿಯನ್ನು ಎರವಲು ತರುವುದೇ ತಪ್ಪೇ? ತಪ್ಪೆನ್ನುವುದಕ್ಕೆ ರಿವಾಯತವೇ ಅಡ್ಡ ಬರುವುದು. ದೂರದ ಕರ್ಬಲಾದ ದುಃಖವನ್ನು ಕನ್ನಡಕ್ಕೆ ತಂದು, ಹಿಂದೂ ಮುಸಲ್ಮಾನರೆನ್ನದೆ ಹಾಡುವ ಸೀಮೆ ಇದು. ಆದರೆ ಇಲ್ಲಿ ಧಾಟಿಯೊಡನೆ ದುಃಖವೂ ಬಂದಿತು. ಹಾಡುವವನು ಯಾವ ಮತದವನಾದರೂ ಆ ಹೊತ್ತಿಗೆ ಶೋಕದಲ್ಲಿ ಪಾಲುಗಾರನು.

ಹಾರ್ವೆಯ ಕೃತಿಯನ್ನು ಅವರು ಈ ಒರೆಗಲ್ಲಿಗೆ ಹಚ್ಚಿ ನೋಡಿದರು. 2012ರಲ್ಲಿ ತೀರಿಕೊಂಡ ಆತನು ಬೌದ್ಧ ಸಾಧನೆಯಲ್ಲಿ ತೊಡಗಿದ್ದವನು. ಉತ್ತರ ಭಾರತದ ಟಿಬೆಟ್ಟಿನ ವಿಹಾರಗಳಲ್ಲಿ ಶುದ್ಧೀಕರಣದ ವಿಧಿಗಳನ್ನು ಕಣ್ಣಾರೆ ಕಂಡು, ಅಲ್ಲಿಯ ಉದ್ದಕೊಂಬುಗಳ ಗಾಂಭೀರ್ಯವನ್ನು ತನ್ನ ನಾಡಿನ ವಾದ್ಯಗಳಿಗೆ ಕಲಿಸಿದನು. ಜರ್ಮನಿಯ ವಾಗ್ನರನು 1856ರಲ್ಲಿ, ಪುಸ್ತಕದಲ್ಲಿ ಓದಿದ ಆನಂದ ಮತ್ತು ಚಂಡಾಲಕನ್ಯೆ ಪ್ರಕೃತಿಯ ಕಥೆಯಿಂದ ಗೀತನಾಟಕವೊಂದನ್ನು ಯೋಚಿಸಿ, 1883ರಲ್ಲಿ ಸಾಯುವವರೆಗೂ ಬರೆಯದೆ ಹೋದನು. ಆ ಕನಸನ್ನೇ ವಸ್ತುವಾಗಿ ಹಾರ್ವೆಯು ‘ವಾಗ್ನರ್ ಡ್ರೀಮ್’ ರಚಿಸಿದನು. 2013ರಲ್ಲಿ ಕಾರ್ಡಿಫ್ ನಗರದಲ್ಲಿ ಅದನ್ನಾಡಿದಾಗ ಬೌದ್ಧ ಪಾತ್ರಗಳು ಹಾಡಿದ್ದು ಪಾಲಿಯಲ್ಲಿ. ಭೀಮಾತೀರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಕೆತ್ತಿದ ಪ್ರಾಕೃತಕ್ಕೆ ಅದು ಒಡಹುಟ್ಟಿದ ಭಾಷೆ.

ಇಷ್ಟಾದರೂ ಉಪಾಧ್ಯಾಯರ ಅನುಮಾನವೊಂದು ಉಳಿದೇ ಇದೆ. ರಚಿಸಿದವನು ತಲೆಬಾಗಿದನೆಂಬುದು ಸರಿ; ಸಭಾಂಗಣದಲ್ಲಿ ಕುಳಿತು ಕೇಳುವವನಿಗೆ ಅದು ಬರಿಯ ವಿಚಿತ್ರಧ್ವನಿಯಾಗಿ ಉಳಿದರೆ ಹೇಗೆ? ಅದಕ್ಕೆ ಹಾರ್ವೆಯೊಬ್ಬನೇ ಹೊಣೆಯಲ್ಲ. ಕೇಳುವವನಿಗೂ ಒಂದು ಪಾಲುಂಟು. ಆದುದರಿಂದ ಅವರು ಮೊಮ್ಮಗನನ್ನು ಹತ್ತಿರ ಕೂಡಿಸಿಕೊಂಡು, “ಇದು ಪೂಜಾದಾಗಿನ ದನಿ ಅದ, ಸುಮ್ಮ ಕುಂತು ಕೇಳು” ಎಂದು ಮೊದಲಿನಿಂದ ಹಚ್ಚಿದರು.

ಅವರ ಆ ಹಳೆಯ ನಾಟಕವನ್ನು ಸುತ್ತಲಿನ ಶಾಲೆಯವರು ಈಗಲೂ ಕೇಳಿ ಒಯ್ಯುವುದುಂಟು. ಆ ರಾತ್ರಿ ಅವರು ಹಸ್ತಪ್ರತಿಯನ್ನು ಹೊರತೆಗೆದು, ರಾಕ್ಷಸರ ಪ್ರವೇಶದೆದುರಿಗೆ ಬರೆದಿದ್ದ ‘ಭಿಕ್ಷುಗಳ ದನಿ’ ಎಂಬುದನ್ನು ಹೊಡೆದುಹಾಕಿ, ‘ತಗಡು ಬಡಿಯುವುದು’ ಎಂದು ತಿದ್ದಿದರು.